ಡೋಣಿಯವರೆಗೆ ಬಂದ ದನಿ

ಡೋಣಿ,
೧೮ ಜೂನ್ ೨೦೨೪

ಮಾನ್ಯ ವಿಮಲಾಬಾಯಿ ಟೀಚರ್ ಅವರಿಗೆ ನಮಸ್ಕಾರಗಳು.

ನಾನು ಸುದೀಪ, ಮುಂಡರಗಿ ತಾಲ್ಲೂಕಿನ ಡೋಣಿಯವನು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ಓದಿ ಇಂಟರ್ನೆಟ್ಟಿನಲ್ಲಿ ಹಾಕುವ ಓದುಗರ ಬಳಗದವರು ನಿಮ್ಮ ಇ-ಮೇಲ್ ವಿಳಾಸ ಕೊಟ್ಟರು. ಬಿ.ಎ. ಎರಡನೇ ವರ್ಷದ ಇತಿಹಾಸವನ್ನು ನೀವು ಓದಿದ್ದೀರಿ. ನಾನು ಅದನ್ನೇ ಕೇಳುತ್ತಿದ್ದೇನೆ.

ಮೂರನೇ ಪಾಠದಲ್ಲಿ ಪುಲಕೇಶಿಯ ಯುದ್ಧ ಬಂದಾಗ ಸರಿಯಾಗಿ ಕುಕ್ಕರ್ ಕೂಗುತ್ತದೆ. ಯಾರು ಗೆದ್ದರು ಎಂಬುದು ಅದರಲ್ಲಿ ಮುಚ್ಚಿಹೋಗಿದೆ. ಐದನೇ ಪಾಠದಲ್ಲಿ ಯಾರೋ ಬಾಗಿಲು ಬಡಿಯುತ್ತಾರೆ, ನೀವು ಎದ್ದು ಹೋಗುತ್ತೀರಿ, ಮರಳಿ ಬಂದು ಒಂದು ಪುಟ ಬಿಟ್ಟು ಓದುತ್ತೀರಿ. ದಯವಿಟ್ಟು ಆ ಎರಡನ್ನು ಮತ್ತೊಮ್ಮೆ ಓದಿ ಹಾಕಿದರೆ ಉಪಕಾರವಾಗುತ್ತದೆ. ಉಳಿದಂತೆ ನಿಮ್ಮ ಓದು ತುಂಬ ಸ್ಪಷ್ಟವಾಗಿದೆ.

ನನಗೆ ಹತ್ತೊಂಬತ್ತನೇ ವಯಸ್ಸಿನವರೆಗೆ ಕಣ್ಣು ಕಾಣುತ್ತಿತ್ತು. ಗದಗಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಈ ಪತ್ರವನ್ನು ನಾನು ಹೇಳಿದ್ದೇನೆ, ತಂಗಿ ವನಿತಾ ಟೈಪ್ ಮಾಡಿದ್ದಾಳೆ.

ಇಂತಿ,
ಸುದೀಪ ಹೊಳೆಯಪ್ಪ


ಲಕ್ಷ್ಮೇಶ್ವರ,
೨೧ ಜೂನ್ ೨೦೨೪

ಸುದೀಪನಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ವಾಸುದೇವ ಅಂತ ಅವರ ಹೆಸರು. ದೇವಸ್ಥಾನದ ಪೂಜೆ ಮುಗಿಸಿ ಆಗಷ್ಟೇ ಬಂದಿದ್ದರು. "ಅಂತೂ ನಮ್ಮ ಕುಕ್ಕರ್ ಪುಲಕೇಶೀನ್ನ ಸೋಲಿಸ್ತಲ್ಲ!" ಎಂದು ನಕ್ಕರು. ಎರಡೂ ಪಾಠಗಳನ್ನು ಮತ್ತೆ ಓದಿ ಹಾಕಿದ್ದೇನೆ. ಇಷ್ಟು ದಿನ ಯಾರೂ ತಪ್ಪು ಹೇಳಿರಲಿಲ್ಲ. ಕೇಳುವವರು ಇದ್ದಾರೋ ಇಲ್ಲವೋ ಎಂದೇ ಅನುಮಾನವಾಗಿತ್ತು.

ನಾನು ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಕಲಿಸಿ ನಿವೃತ್ತಳಾದವಳು. ಆಮೇಲೆ ಮಗ ಕೊಡಿಸಿದ ಫೋನಿನಲ್ಲಿ ಬೆಳಗಾದರೆ ಹೂವಿನ ಚಿತ್ರ, ಶುಭೋದಯ, ದೇವರ ಫೋಟೋ ಕಳಿಸುತ್ತ ಕೂರುತ್ತಿದ್ದೆ. ಒಂದು ದಿನ ಮಧ್ಯಾಹ್ನದ ಊಟಕ್ಕೆ ಕುಳಿತಾಗ, ಬೆಳಗಿನಿಂದ ಏನೇನು ನೋಡಿದೆ ಎಂದು ನೆನಪಿಸಿಕೊಳ್ಳಲು ಹೋದೆ. ಒಂದೂ ನೆನಪಾಗಲಿಲ್ಲ. ನನಗೇ ಹೆದರಿಕೆಯಾಯಿತು. ಅದೇ ಫೋನಿನಲ್ಲಿ, ಓದಲು ಬರುವವಳಿಗೆ ಏನಾದರೂ ಕೆಲಸವಿದೆಯೇ ಎಂದು ಹುಡುಕಿದೆ. ಬಳಗ ಸಿಕ್ಕಿದ್ದು ಹಾಗೆ.

ನಿನಗೆ ಬೇಕಾದ ಪಾಠಗಳನ್ನೆಲ್ಲ ಓದಿಕೊಡುತ್ತೇನೆ. ಆದರೆ ಒಂದು ಕರಾರು. ಮುಂದಿನ ಪತ್ರ ನೀನೇ ಟೈಪ್ ಮಾಡಬೇಕು. ವನಿತಾಳ ಬರವಣಿಗೆ ಚೆನ್ನಾಗಿದೆ, ಆದರೆ ಓದುತ್ತಿರುವವನು ನೀನು. ಫೋನ್ ಮಾಡಬೇಡ. ಮಾತಾಡಿ ಮುಗಿಸಿದರೆ ನಿನ್ನ ಕಾಗುಣಿತ ನನಗೆ ತಿಳಿಯುವುದಿಲ್ಲ. ಪುಸ್ತಕದ ಕನ್ನಡದಲ್ಲಿ ಬರೆ. ಪರೀಕ್ಷೆ ಯಾವಾಗ? ದಿನವಿಡೀ ಏನು ಮಾಡುತ್ತಿ?

ವಿಮಲಾಬಾಯಿ


ಡೋಣಿ,
೯ ಜುಲೈ ೨೦೨೪

ಟೀಚರ್‌ಗೆ ನಮಸ್ಕಾರ.

ಇದನ್ನು ನಾನೇ ಬರೆಯುತ್ತಿದ್ದೇನೆ. ಫೋನು ಪ್ರತಿ ಅಕ್ಷರವನ್ನೂ ಕಿವಿಯಲ್ಲಿ ಹೇಳುತ್ತದೆ. ಸರಿಯಾದ ಅಕ್ಷರ ಸಿಕ್ಕಾಗ ಬೆರಳು ಎತ್ತಬೇಕು. ಮೊದಲು ಬಾಯಿಂದ ಹೇಳಿ ಬರೆಸಲು ನೋಡಿದೆ. ‘ಅಶೋಕನ ಶಾಸನ’ ಅಂದರೆ ‘ಅಶೋಕನ ಆಸನ’ ಎಂದು ಬರೆಯಿತು. ಬಿಟ್ಟುಬಿಟ್ಟೆ.

ದಿನವಿಡೀ ಏನು ಮಾಡುತ್ತಿ ಎಂದು ಕೇಳಿದ್ದೀರಿ. ಕ್ರಿಕೆಟ್ ಕಾಮೆಂಟರಿ ಕೇಳುತ್ತೇನೆ. ನಮ್ಮ ದೇಶದ್ದು ಇಲ್ಲದಿದ್ದರೆ ಯಾವ ದೇಶದ್ದಾದರೂ ಸರಿ. ಸಣ್ಣ ಸಣ್ಣ ವಿಡಿಯೋಗಳನ್ನು ಸರಿಸುತ್ತ ಹೋಗುತ್ತೇನೆ. ಚಿತ್ರ ಕಾಣುವುದಿಲ್ಲ, ಹಾಡಿನ ತುಂಡು, ನಗೆಯ ತುಂಡು ಕೇಳಿಸುತ್ತವೆ. ಬೆಳಿಗ್ಗೆ ಅಪ್ಪ ಟೆಂಪೋ ತೆಗೆದುಕೊಂಡು ಹೋಗುತ್ತಾನೆ, ಅವ್ವ ಹೊಲಕ್ಕೆ, ವನಿತಾ ಮುಂಡರಗಿಯ ಕಾಲೇಜಿಗೆ. ಆಮೇಲೆ ಮನೆಯಲ್ಲಿ ಸದ್ದು ಅಂದರೆ ಫೋನಿನದೇ.

ಅಪ್ಪ ನಿನ್ನೆ ಸಿಟ್ಟಾದ. "ಆ ಫೋನಿನ್ಯಾಗ ಏನೈತಲೇ? ದಿನಾ ಕಿವಿಗೆ ಹಚ್ಕೊಂಡು ಕುಂಡ್ರತಿ. ಕಾಕಾನ ಹಿಟ್ಟಿನ ಗಿರಣ್ಯಾಗ ಕುಂತ್ರ ನಾಕ ಮಂದಿ ಕೂಡ ಮಾತರ ಆಡ್ತಿ," ಎಂದ. ಅವ್ವ, "ಅಂವ ಓದಾಕತ್ತಾನ ಬಿಡ್ರಿ," ಎಂದಳು. ಅಪ್ಪ ಕೆಟ್ಟವನಲ್ಲ. ನಾನು ಮೂಲೆಯಲ್ಲಿ ಕುಳಿತಿರುವುದನ್ನು ನೋಡಲಾರ, ಅಷ್ಟೇ.

ಪರೀಕ್ಷೆ ಡಿಸೆಂಬರಿನಲ್ಲಿ ಇದೆ. ರಾಜ್ಯಶಾಸ್ತ್ರದ ಪಾಠಗಳೂ ಬೇಕಿದ್ದವು.

ನಿಮ್ಮ ವಿಧೇಯ,
ಸುದೀಪ


ಲಕ್ಷ್ಮೇಶ್ವರ,
೧ ಆಗಸ್ಟ್ ೨೦೨೪

ಸುದೀಪ,

ಪತ್ರ ಓದಿದೆ. ಒತ್ತಕ್ಷರದ ತಪ್ಪುಗಳನ್ನು ಬೇರೆ ಇ-ಮೇಲಿನಲ್ಲಿ ಪಟ್ಟಿ ಮಾಡಿ ಕಳಿಸಿದ್ದೇನೆ. ವಾಕ್ಯಗಳು ನೆಟ್ಟಗಿವೆ.

ನೀನು ವಿಡಿಯೋ ಸರಿಸುವ ವಿಷಯ ಬರೆದೆಯಲ್ಲ, ಅದಕ್ಕೆ ನಾನು ಬೈಯಲಾರೆ, ಹೂವಿನ ಚಿತ್ರ ಕಳಿಸಿದವಳು. ಆದರೆ ನನಗೆ ಒಂದು ಪ್ರಶ್ನೆ ಬಂತು. ನಿನ್ನ ಹಾಗೆ ಓದುವ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡವರು ಬೇರೆ ಊರುಗಳಲ್ಲಿ ಏನು ಮಾಡುತ್ತಿದ್ದಾರೆ? ಎರಡು ದಿನ ಹುಡುಕಿದೆ. ಅವರದೇ ಒಂದು ಇ-ಮೇಲ್ ಗುಂಪು ಇದೆ. ಒಬ್ಬ ವಕೀಲ, ಒಬ್ಬಳು ಬ್ಯಾಂಕಿನಾಕೆ, ಔರಂಗಾಬಾದಿನಲ್ಲಿ ರೇಡಿಯೋಗೆ ಧ್ವನಿ ಸಂಕಲನ ಮಾಡುವವನೊಬ್ಬ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳಿಕೊಡುತ್ತಾರೆ. ಎಲ್ಲ ಇಂಗ್ಲಿಷಿನಲ್ಲಿದೆ. ವಿಳಾಸ ಕೆಳಗೆ ಕೊಟ್ಟಿದ್ದೇನೆ. ದಿನಕ್ಕೆ ಒಂದು ತಾಸು ಅಲ್ಲಿ ಕಳೆ. ಉಳಿದ ಹೊತ್ತು ಬೇಕಾದರೆ ಕ್ರಿಕೆಟ್ ಕೇಳು. ಆ ತಾಸಿನಲ್ಲಿ ಏನು ತಿಳಿಯಿತು ಎಂದು ನನಗೆ ಬರೆಯಬೇಕು.

ರಾಜ್ಯಶಾಸ್ತ್ರ ಶುರು ಮಾಡಿದ್ದೇನೆ. ನಾನು ಓದಲು ಕುಳಿತರೆ ನಮ್ಮ ಮನೆಯವರು ಕೆಮ್ಮಲೂ ಹೊರಗೆ ಹೋಗಬೇಕು. "ನನ್ನ ಮನಿಯಾಗ ನಾನಽ ಕಳ್ಳನ ಹಂಗ ಅಡ್ಡ್ಯಾಡೋದಾತು," ಎನ್ನುತ್ತಾರೆ.

ವಿಮಲಾಬಾಯಿ


ಡೋಣಿ,
೧೨ ಸೆಪ್ಟೆಂಬರ್ ೨೦೨೪

ಟೀಚರ್‌ಗೆ ನಮಸ್ಕಾರ.

ತಡವಾಯಿತು. ನಮ್ಮ ಊರು ಕಪ್ಪತಗುಡ್ಡದ ಬುಡದಲ್ಲಿದೆ. ಮಳೆ ಹಿಡಿದರೆ ಸಿಗ್ನಲ್ ಹೋಗುತ್ತದೆ, ಮಾಳಿಗೆ ಹತ್ತಿದರೆ ಸ್ವಲ್ಪ ಸಿಗುತ್ತದೆ.

ಗುಂಪು ಸೇರಿದೆ. ಮೊದಲ ವಾರ ಏನೂ ತಿಳಿಯಲಿಲ್ಲ. ಇಂಗ್ಲಿಷಿನದನ್ನು ಕನ್ನಡ ಮಾಡಿಕೊಂಡು ಕೇಳುವುದನ್ನು ಕಲಿತೆ. ಆಮೇಲೆ ಧೈರ್ಯ ಮಾಡಿ, ಓದಿನ ಹಿಂದೆ ಕೇಳುವ ಫ್ಯಾನಿನ ಸದ್ದು ತೆಗೆಯುವುದು ಹೇಗೆ ಎಂದು ಕೇಳಿದೆ. ಔರಂಗಾಬಾದಿನವರು ನಾಲ್ಕು ಸಂದೇಶಗಳಲ್ಲಿ ಪೂರ್ತಿ ಹೇಳಿಕೊಟ್ಟರು. ಅವರಿಗೂ ಕಣ್ಣು ಕಾಣುವುದಿಲ್ಲವಂತೆ. ಕಂಪ್ಯೂಟರಿಗೆ ಮೌಸ್ ಬೇಡ, ಕೀಲಿಮಣೆಯಿಂದಲೇ ಎಲ್ಲ ಮಾಡಬಹುದು ಎಂದರು. ವನಿತಾ ಜೊತೆ ಬೆಟಗೇರಿಗೆ ಹೋಗಿ, ರಿಪೇರಿ ಅಂಗಡಿಯಲ್ಲಿ ಹಳೆಯ ಲ್ಯಾಪ್‌ಟಾಪ್ ತಂದೆವು. ಅಂಗಡಿಯವನು, "ಇದನ್ನ ಯಾರ್ ಬಳಸಾವ್ರು?" ಎಂದು ಕೇಳಿದ. ವನಿತಾ ನನ್ನನ್ನು ತೋರಿಸಿದಳಂತೆ. ಅವನು ಪರದೆಯ ಮೂಲೆಯಲ್ಲಿ ಬಿರುಕು ಇರುವುದನ್ನು ಹೇಳಿ, "ನಿಮಗ ಅದು ಲೆಕ್ಕಕ್ಕಿಲ್ಲ ಬಿಡ್ರಿ," ಎಂದ. ಮೂವರೂ ನಕ್ಕೆವು.

ನಿಮ್ಮ ರಾಜ್ಯಶಾಸ್ತ್ರದ ಮೊದಲ ಪಾಠವನ್ನು ಶುದ್ಧಮಾಡಿ ಇದರ ಜೊತೆ ಕಳಿಸಿದ್ದೇನೆ. ಕೇಳಿ ನೋಡಿ.

ಒಂದು ಮಾತು. ಈಚಿನ ಪಾಠಗಳಲ್ಲಿ ನಿಮ್ಮ ದನಿ ವಾಕ್ಯದ ಕೊನೆಗೆ ಒಡೆಯುತ್ತದೆ. ಓದಿ ಓದಿ ಬೇಸರವಾಗಿದೆಯೇ? ನಾನು ಹೆಚ್ಚು ಕೇಳುತ್ತಿದ್ದೇನೆಯೇ?

ಸುದೀಪ


ಲಕ್ಷ್ಮೇಶ್ವರ,
೨೦ ಸೆಪ್ಟೆಂಬರ್ ೨೦೨೪

ಸುದೀಪ,

ಪಾಠ ಕೇಳಿದೆ. ಆಕಾಶವಾಣಿಯಲ್ಲಿ ಓದಿದಂತಿದೆ. ಸಂತೋಷ.

ಬೇಸರವೇನೂ ಇಲ್ಲ. ಮಳೆಗಾಲ, ನೆಗಡಿ, ವಯಸ್ಸು. ದನಿಯ ವಿಷಯ ಬಿಡು.

ಪರೀಕ್ಷೆಯ ಅರ್ಜಿ ತುಂಬುವ ದಿನ ಹತ್ತಿರ ಬಂದಿರಬೇಕು. ನಿನ್ನ ನೋಂದಣಿ ಸಂಖ್ಯೆ ಕಳಿಸು. ನೀನು ಹೇಳಿದ್ದನ್ನು ಬರೆಯುವವರನ್ನು ನಾನು ಗೊತ್ತುಮಾಡುತ್ತೇನೆ.

ವಿಮಲಾಬಾಯಿ


ಲಕ್ಷ್ಮೇಶ್ವರ,
೧೫ ನವೆಂಬರ್ ೨೦೨೪

ಸುದೀಪ,

ಸೆಪ್ಟೆಂಬರಿನಿಂದ ನಿನ್ನ ಪತ್ರವಿಲ್ಲ. ಎರಡು ಸಲ ಬರೆದೆ. ಮೊನ್ನೆ ನನ್ನ ಕರಾರನ್ನು ನಾನೇ ಮುರಿದು, ಬಳಗದವರಿಂದ ನಿಮ್ಮ ಮನೆಯ ನಂಬರ್ ಪಡೆದು ಫೋನ್ ಮಾಡಿದೆ. ನಿಮ್ಮ ತಂದೆ ಎತ್ತಿದರು. ಪರೀಕ್ಷೆಯ ತಯಾರಿ ಹೇಗಿದೆ ಎಂದು ಕೇಳಿದೆ.

"ಯಾವ ಪರೀಕ್ಷಾರಿ ಬಾಯಾರ?" ಎಂದರು. "ಅಂವ ಕಾಲೇಜ ಬಿಟ್ಟು ಭಾಳ ದಿನ ಆತು. ಪರೀಕ್ಷಾ ಏನೂ ಕಟ್ಟಿಲ್ಲ. ನಿಮಗ ಹೇಳಿಲ್ಲೇನ್ರಿ?"

ನಾನು ನಿನ್ನ ಹಳೆಯ ಪತ್ರವನ್ನು ತೆಗೆದು ನೋಡಿದೆ. ನೀನು ಸುಳ್ಳು ಬರೆದಿಲ್ಲ. ‘ಪರೀಕ್ಷೆ ಡಿಸೆಂಬರಿನಲ್ಲಿ ಇದೆ’ ಎಂದು ಬರೆದಿದ್ದೀ. ‘ಬರೆಯುತ್ತೇನೆ’ ಎಂದು ಬರೆದಿಲ್ಲ. ವ್ಯಾಕರಣ ಕಲಿಸಿದವಳಿಗೇ ಅದು ತಿಳಿಯಲಿಲ್ಲ.

ಮೂರು ತಿಂಗಳಿನಿಂದ ನಾನು ಬಿಸಿನೀರು ಕುಡಿದು, ಲವಂಗ ಬಾಯಲ್ಲಿಟ್ಟುಕೊಂಡು ಓದಿದ್ದೇನೆ. ಡಿಸೆಂಬರಿನೊಳಗೆ ಮುಗಿಯಬೇಕೆಂದು ದಿನಕ್ಕೆ ಎರಡು ಪಾಠ ಓದಿದ ದಿನಗಳೂ ಇವೆ. ಅದು ಯಾರಿಗಾಗಿ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ. ಉಳಿದ ಪಾಠಗಳನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ.

ವಿಮಲಾಬಾಯಿ


ಡೋಣಿ,
೨೪ ನವೆಂಬರ್ ೨೦೨೪

ಟೀಚರ್,

ನಿಮ್ಮ ಪತ್ರಗಳೆಲ್ಲ ತಲುಪಿದ್ದವು. ಉತ್ತರ ಬರೆದು ಬರೆದು ಅಳಿಸಿದೆ.

ಕಳೆದ ವರ್ಷ ಪರೀಕ್ಷೆ ಕಟ್ಟಲು ಗದಗಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದವರು, "ಬರಿಯಾಕ ನೀವಽ ಒಬ್ಬರನ್ನ ಕರ್ಕೊಂಡ ಬರ್ಬೇಕು. ಮನಿ ಮಂದಿ ನಡ್ಯಂಗಿಲ್ಲ. ನಿಮಗಿಂತ ಕೆಳಗಿನ ಕ್ಲಾಸಿನವರು ಬೇಕು," ಎಂದರು. ಹಿಂದೆ ಸಾಲು ಇತ್ತು. "ಜಲ್ದಿ ಸರೀರಿ," ಎಂದು ಯಾರೋ ಅಂದರು. ಸರಿದೆ. ಅಲ್ಲಿಂದ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಯಾರನ್ನು ಕೇಳುವುದು ಎಂದು ತಿಳಿಯಲಿಲ್ಲ. ಕೇಳಲು ನಾಚಿಕೆಯೂ ಆಯಿತು.

ಆದರೂ ನಿಮ್ಮ ಪಾಠ ಕೇಳುತ್ತಿದ್ದೆ. ಮನೆ ಖಾಲಿಯಾದ ಮೇಲೆ, ನಾನು ಇನ್ನೂ ವಿದ್ಯಾರ್ಥಿ ಎನ್ನುವ ಹಾಗೆ ಮಾತಾಡುವವರು ನೀವೊಬ್ಬರೇ ಇದ್ದಿರಿ. ಅದು ನಿಲ್ಲುವುದು ಬೇಡವಾಗಿತ್ತು.

ಈ ಎರಡು ತಿಂಗಳು ಸುಮ್ಮನೆ ಕೂತಿಲ್ಲ. ಮೈಸೂರಿನಲ್ಲಿ ಕನ್ನಡ ಪುಸ್ತಕಗಳನ್ನು ಓದಿಸಿ ಆಡಿಯೋ ಮಾಡುವ ಸಣ್ಣ ಸಂಸ್ಥೆಯೊಂದಿದೆ. ಔರಂಗಾಬಾದಿನವರು ಹೇಳಿದ ಮೇಲೆ ಅವರಿಗೆ ಬರೆದೆ. ನಾನು ಶುದ್ಧಮಾಡಿದ ನಿಮ್ಮ ಪಾಠವನ್ನೇ ಮಾದರಿಯಾಗಿ ಕಳಿಸಿದೆ. ನನ್ನ ಕೆಲಸ ನೋಡಲೆಂದು ಒಂದು ಅಧ್ಯಾಯವನ್ನು ಶುದ್ಧಮಾಡಲು ಕೊಟ್ಟಿದ್ದಾರೆ.

ಈಗ ನೀವು ಬಿಡು ಎಂದ ವಿಷಯ. ಶುದ್ಧಮಾಡುವಾಗ ನಾನು ಒಂದೇ ವಾಕ್ಯವನ್ನು ಮತ್ತೆ ಮತ್ತೆ ಕೇಳುತ್ತೇನೆ. ನೆಗಡಿ ಬರುತ್ತದೆ, ಹೋಗುತ್ತದೆ. ನಿಮ್ಮದು ಹೋಗಿಲ್ಲ, ಪ್ರತಿ ಪಾಠಕ್ಕೂ ಹೆಚ್ಚಾಗಿದೆ. ಜೂನಿನಿಂದ ಇಲ್ಲಿಯವರೆಗಿನ ಪಾಠಗಳಿಂದ ಒಂದೊಂದು ವಾಕ್ಯ ತೆಗೆದು ಸಾಲಾಗಿ ಜೋಡಿಸಿ ಕಳಿಸಿದ್ದೇನೆ. ನೀವೊಬ್ಬರೇ ಕೇಳಬೇಡಿ. ವಾಸುದೇವ ಸರ್ ಜೊತೆ ಕೂತು ಕೇಳಿ. ಆಮೇಲೆ ಗಂಟಲಿನ ಡಾಕ್ಟರಿಗೆ ತೋರಿಸಿ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ.

ಸುದೀಪ


ಲಕ್ಷ್ಮೇಶ್ವರ,
೩೦ ಜನವರಿ ೨೦೨೫

ಪ್ರೀತಿಯ ಸುದೀಪ,

ನೀನು ಕಳಿಸಿದ್ದನ್ನು ಮೊದಲು ತೆರೆಯಲಿಲ್ಲ. ಸಿಟ್ಟಿತ್ತು. ಒಂದು ವಾರದ ಮೇಲೆ ನಮ್ಮ ಮನೆಯವರು ಊಟಕ್ಕೆ ಕುಳಿತಾಗ ಹಚ್ಚಿದೆ. ಅವರು ತುತ್ತು ಕೈಯಲ್ಲೇ ಹಿಡಿದು ಕೇಳಿದರು. ಮುಗಿದ ಮೇಲೆ, "ಮೊದಲ್ನೇದು ಯಾರದ್ದು?" ಎಂದರು. "ಅದೂ ನನ್ನದಽ," ಎಂದೆ. ಅವರು ಏಳಲಿಲ್ಲ, ಊಟವನ್ನೂ ಮಾಡಲಿಲ್ಲ. "ದಿನಾ ಮನಿಯಾಗ ಕೇಳ್ತೀನಲ್ಲ, ನನಗ ಗೊತ್ತಽ ಆಗ್ಲಿಲ್ಲ ನೋಡು," ಎಂದರು.

ನಿನಗೆ ನಿಜ ಬರೆಯುತ್ತೇನೆ. ನನಗೆ ಆಗಸ್ಟಿನಲ್ಲೇ ಗೊತ್ತಿತ್ತು. ಡಾಕ್ಟರ್ ಓದುವುದನ್ನು ಬಿಡಿಸುತ್ತಾರೆ ಎಂದು ಹೋಗಲಿಲ್ಲ.

ಗದಗಿನಲ್ಲಿ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಧ್ವನಿಪೆಟ್ಟಿಗೆಯಲ್ಲಿ ಗಂಟು ಇತ್ತು. ತೆಗೆದು ಪರೀಕ್ಷೆಗೆ ಕಳಿಸಿದಾಗ ಕ್ಯಾನ್ಸರ್ ಎಂದು ಬಂತು. ಆರಂಭದಲ್ಲೇ ಸಿಕ್ಕಿದೆ, ಇನ್ನು ಕೆಲವು ತಿಂಗಳು ಬಿಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದರು. ಈಗ ವಿಕಿರಣ ಚಿಕಿತ್ಸೆ ನಡೆದಿದೆ. ಮಾತಾಡುವಂತಿಲ್ಲ. ಮುಂದೆ ದನಿ ಬರುತ್ತದೆ, ಆದರೆ ಮೊದಲಿನದಲ್ಲ. ನಮ್ಮ ಮನೆಯವರಿಗೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತೇನೆ. ಅವರು ನನಗೂ ಬರೆದೇ ಉತ್ತರ ಕೊಡುತ್ತಾರೆ, ನಾನು ಕಿವುಡಿಯಾದ ಹಾಗೆ.

ಮಾತಿಲ್ಲದ ಮೇಲೆ ಹೊತ್ತು ಬಹಳ. ಕಣ್ಣು ಕಾಣದವರ ಪರೀಕ್ಷೆಯ ನಿಯಮಗಳನ್ನು ಹುಡುಕಿ ಓದಿದೆ. ಕೌಂಟರಿನವರು ಹೇಳಿದ್ದು ಅರ್ಧ. ಹೆಚ್ಚಿನ ಸಮಯ ಕೊಡಬೇಕು ಎಂಬುದನ್ನು ಅವರು ನಿನಗೆ ಹೇಳಲೇ ಇಲ್ಲ. ಆ ಆದೇಶವನ್ನು ಜೊತೆಗಿಟ್ಟಿದ್ದೇನೆ. ಶಿರಹಟ್ಟಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ಮಗಳು ಸೌಂದರ್ಯಾ ಪಿಯುಸಿ ಓದುತ್ತಿದ್ದಾಳೆ. ಅಕ್ಷರ ದುಂಡಗಿದೆ. ಬರೆಯಲು ಬರುತ್ತೇನೆ ಎಂದಿದ್ದಾಳೆ. ಬೇಸಿಗೆಯ ಪರೀಕ್ಷೆಗೆ ಅರ್ಜಿ ತುಂಬು.

ರಾಜ್ಯಶಾಸ್ತ್ರ ಅರ್ಧಕ್ಕೆ ನಿಂತಿದೆ. ಅದನ್ನು ಓದುವವರು ಯಾರು ಎಂಬುದೇ ನನ್ನ ಚಿಂತೆ.

ವಿಮಲಾಬಾಯಿ


ಡೋಣಿ,
೮ ಮಾರ್ಚ್ ೨೦೨೫

ಪ್ರೀತಿಯ ಟೀಚರ್,

ನಿಮ್ಮ ಪತ್ರವನ್ನು ಫೋನಿನ ದನಿಯಲ್ಲಿ ಕೇಳಿದೆ. ಕ್ಯಾನ್ಸರ್ ಎಂಬ ಮಾತನ್ನೂ ಅದು ಹವಾಮಾನ ಹೇಳಿದ ಹಾಗೆ ಹೇಳಿತು. ವನಿತಾಳನ್ನು ಕರೆದು ಮತ್ತೊಮ್ಮೆ ಓದಿಸಿದೆ.

ಅರ್ಜಿ ತುಂಬಿದೆ. ಆದೇಶದ ಪ್ರತಿ ತೋರಿಸಿದಾಗ ಕೌಂಟರಿನವರು ಒಳಗೆ ಹೋಗಿ ಕೇಳಿಕೊಂಡು ಬಂದರು. ಆಮೇಲೆ, "ಕುಂಡ್ರಿ," ಎಂದು ಕುರ್ಚಿ ಕೊಟ್ಟರು.

ಓದುವವರ ಚಿಂತೆ ಬಿಡಿ. ನಮ್ಮೂರಿಗೆ ಒಂದು ವಾಟ್ಸಾಪ್ ಗುಂಪು ಇದೆ. ಶುಭೋದಯ ಬಿಟ್ಟರೆ ಕರೆಂಟ್ ಯಾವಾಗ ಹೋಗುತ್ತದೆ ಎಂಬ ಸುದ್ದಿ, ಅಷ್ಟೇ. ಅದರಲ್ಲಿ, ‘ಚೆನ್ನಾಗಿ ಓದಲು ಬರುವವರು ಬೇಕಾಗಿದ್ದಾರೆ’ ಎಂದು ಹಾಕಿದೆ. ಮೊದಲ ದಿನ ನಗುವ ಮುಖಗಳು ಬಂದವು. ಎರಡನೇ ದಿನ ಅಂಗನವಾಡಿಯ ಗೌಸಬಿ ಮನೆಗೇ ಬಂದರು. "ಮಕ್ಕಳಿಗೆ ಕತಿ ಓದಿ ಓದಿ ಗಂಟ್ಲ ತಯಾರೈತಿ, ಕೊಡಪಾ ಪುಸ್ತಕ," ಎಂದರು. ಬಸ್ ಕಂಡಕ್ಟರ್ ಲಕ್ಕಪ್ಪ ರಜೆಯ ದಿನ ಓದುತ್ತಾರೆ. ಸಂವಿಧಾನದ ವಿಧಿಗಳನ್ನು ಸ್ಟಾಪಿನ ಹೆಸರು ಕೂಗಿದ ಹಾಗೆ ಓದುತ್ತಾರೆ, ಆದರೆ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ರಾಜ್ಯಶಾಸ್ತ್ರ ಮುಗಿದಿದೆ. ಬಳಗಕ್ಕೂ ಕಳಿಸಿದ್ದೇನೆ. ಬೇರೆ ಜಿಲ್ಲೆಗಳ ಹುಡುಗರೂ ಕೇಳುತ್ತಿದ್ದಾರಂತೆ.

ಮೈಸೂರಿನವರು ಮನೆಯಿಂದಲೇ ಕೆಲಸ ಕೊಟ್ಟಿದ್ದಾರೆ. ತಿಂಗಳಿಗೆ ಒಂದು ಪುಸ್ತಕ. ಅಪ್ಪ ನನ್ನ ಹಿಂದೆ ನಿಂತು ಬಹಳ ಹೊತ್ತು ಕೇಳಿದ. "ಇದರಾಗ ಏನು ತಗದಿ ನೀನು?" ಎಂದು ಕೇಳಿದ. ಮೊದಲಿನದನ್ನೂ ಆಮೇಲಿನದನ್ನೂ ಕೇಳಿಸಿದೆ. "ಖರೇನ ತಗದಿ ಬಿಡಪಾ," ಎಂದ. ಮರುದಿನ ನಮ್ಮ ಓಣಿಯಲ್ಲೇ ಇರುವ ಕಾಕಾನ ಗಿರಣಿಗೆ ಹೋಗಿ, "ನಮ್ಮ ಹುಡುಗ ಕೆಲಸದಾಗಿದ್ದಾಗ ಗಿರಣಿ ಸ್ವಲ್ಪ ತಡದು ಚಾಲೂ ಮಾಡಪಾ," ಎಂದು ಹೇಳಿ ಬಂದನಂತೆ.

ಪರೀಕ್ಷೆ ಮೇ ೨೬ರಿಂದ. ಗದಗಿಗೆ ಬರುತ್ತೀರಾ?

ಸುದೀಪ


ಲಕ್ಷ್ಮೇಶ್ವರ,
೧೯ ಮೇ ೨೦೨೫

ಪ್ರೀತಿಯ ಸುದೀಪ,

ಚಿಕಿತ್ಸೆ ಮುಗಿದಿದೆ. ಮಾತಾಡಲು ಒಪ್ಪಿಗೆ ಸಿಕ್ಕಿದೆ. ಪರೀಕ್ಷೆಯ ದಿನ ಬರಲು ಆಗಲಿಕ್ಕಿಲ್ಲ, ನನಗೆ ಪ್ರಯಾಣ ಇನ್ನೂ ಆಗದು. ಸೌಂದರ್ಯಾ ಶಿರಹಟ್ಟಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಪ್ರಶ್ನೆಯನ್ನು ಎರಡು ಸಲ ಓದಿಸಿಕೋ. ಉತ್ತರ ಹೇಳುವಾಗ ಅವಸರ ಮಾಡಬೇಡ.

ವಿಮಲಾಬಾಯಿ


ಡೋಣಿ,
೨೮ ಜುಲೈ ೨೦೨೫

ಪ್ರೀತಿಯ ಟೀಚರ್,

ಫಲಿತಾಂಶ ಬಂದಿದೆ. ಇಂಗ್ಲಿಷ್ ಬಿಟ್ಟು ಎಲ್ಲದರಲ್ಲಿ ಪಾಸಾಗಿದ್ದೇನೆ. ಇಂಗ್ಲಿಷನ್ನು ಮತ್ತೆ ಕಟ್ಟುತ್ತೇನೆ. ಇತಿಹಾಸದಲ್ಲಿ ಒಳ್ಳೆಯ ಅಂಕಗಳು ಬಂದಿವೆ. ಸೌಂದರ್ಯಾ ನನಗಿಂತ ಹೆಚ್ಚು ಖುಷಿಯಾಗಿದ್ದಾಳೆ.

ಇದನ್ನು ಫಲಿತಾಂಶ ಬಂದ ಮೇಲೆ ಬರೆಯೋಣ ಎಂದು ಕಾದಿದ್ದೆ. ಮೊದಲ ದಿನ ಅಪ್ಪ ನನ್ನನ್ನು ಗೇಟಿನಲ್ಲಿ ಬಿಟ್ಟು ಟೆಂಪೋ ನಿಲ್ಲಿಸಲು ಹೋದ. ಸೌಂದರ್ಯಾ ಹಾಲ್ ಟಿಕೆಟ್ ತೋರಿಸಲು ಒಳಗೆ ಹೋಗಿದ್ದಳು. ಅಲ್ಲಿ ಒಬ್ಬರು ಬಂದು, "ಸುದೀಪ ಏನಪಾ ನೀನು?" ಎಂದು ಕೇಳಿದರು. ಒರಟು ದನಿ, ಮುಕ್ಕಾಲು ಗಾಳಿಯೇ. ನಾನು, "ಹೌದ್ರಿ. ಯಾರ್ರಿ ನೀವು?" ಎಂದೆ. ಅವರು, "ನಾನೂ ಒಬ್ಬ ಹುಡುಗನ್ನ ಪರೀಕ್ಷಾಕ್ಕ ಬಿಡ್ಲಿಕ್ಕೆ ಬಂದೀನಿ. ಬಾ, ಬಿಸಿಲದ," ಎಂದು ತೋಳು ಹಿಡಿದು ಕರೆದುಕೊಂಡು ಹೋದರು. ಮೆಟ್ಟಿಲು ಬಂದಾಗ ಹೇಳಿದರು. ಕೊಠಡಿಯ ಬಾಗಿಲಲ್ಲಿ, "ಪ್ರಶ್ನೆ ಎರಡು ಸಲ ಓದಿಸ್ಕೋ, ಅವಸರ ಮಾಡಬ್ಯಾಡ," ಎಂದರು.

ನಾನು ಒಳಗೆ ಹೋಗಿ ಕುಳಿತೆ. ಸೌಂದರ್ಯಾ ಮೊದಲ ಪ್ರಶ್ನೆ ಓದುತ್ತಿದ್ದಳು, ನನ್ನ ಕಿವಿಗೆ ಅದು ಬೀಳಲಿಲ್ಲ. ದನಿ ಬದಲಾಗುತ್ತದೆ ಟೀಚರ್. ಆದರೆ ಮಾತಿನ ನಡುವೆ ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಬದಲಾಗುವುದಿಲ್ಲ. ನಿಮ್ಮ ಉಸಿರನ್ನು ನಾನು ತಿಂಗಳುಗಟ್ಟಲೆ ಕೇಳಿದ್ದೇನೆ. "ಅವರನ್ನ ಕರೀಯವ್ವಾ," ಎಂದು ಸೌಂದರ್ಯಾಗೆ ಹೇಳಿದೆ. ಅವಳು ಬಾಗಿಲವರೆಗೆ ಹೋಗಿ ನೋಡಿದಳು. ಯಾರೂ ಇರಲಿಲ್ಲ.

ನಾನು "ಯಾರ್ರಿ ನೀವು" ಎಂದದ್ದಕ್ಕೆ ನೀವು ಹೆಸರು ಹೇಳಲಿಲ್ಲ ಎಂದು ನನಗೆ ಗೊತ್ತು. ಗುರುತು ಹಿಡಿಯಲು ತಡವಾಯಿತು. ಕ್ಷಮಿಸಿ.

ಸುದೀಪ


ಲಕ್ಷ್ಮೇಶ್ವರ,
೩೧ ಜುಲೈ ೨೦೨೫

ಪ್ರೀತಿಯ ಸುದೀಪ,

ನಿನ್ನ ತಪ್ಪೇನಿಲ್ಲ. ಆ ದನಿ ಆಗ ನನಗೇ ಅಪರಿಚಿತವಾಗಿತ್ತು. ಇದು ನಾನು ಎಂದು ಹೇಳಲು ನಾಲಿಗೆ ಬರಲಿಲ್ಲ. ಪ್ರಯಾಣ ಆಗದು ಎಂದು ಬರೆದಿದ್ದರೂ, ನೀನು ಹೇಗಿದ್ದೀಯೋ ನೋಡಬೇಕೆನಿಸಿ ಬಂದಿದ್ದೆ. ನೀನು ಕೊಠಡಿಯೊಳಗೆ ಹೋದ ಮೇಲೆ ಬಸ್ ನಿಲ್ದಾಣದಲ್ಲಿ ಕುಳಿತು ಸ್ವಲ್ಪ ಅತ್ತೆ. ನಮ್ಮ ಮನೆಯವರು ಕಬ್ಬಿನ ಹಾಲು ಕುಡಿಸಿ ಊರಿಗೆ ಕರೆತಂದರು.

ಬರುವ ಭಾನುವಾರ ಇಬ್ಬರೂ ಡೋಣಿಗೆ ಬರುತ್ತೇವೆ. ನಿಮ್ಮ ತಾಯಿ ಹನಮಂತವ್ವನವರಿಗೆ, ಅಡಿಗೆ ಹೆಚ್ಚು ಮಾಡಬೇಡಿ ಎಂದು ಹೇಳು. ಬಾಗಿಲಿಗೆ ಬಂದು ನಾನೇ ಮೊದಲು ಮಾತಾಡುತ್ತೇನೆ.

ವಿಮಲಾಬಾಯಿ